ಹಂಚಿನ ಮನೆಗೆ ಹೋಗಿ ಬಂದವರು

ಎಚ್ಚರ ಆಗಿದೆ, ಕಣ್ಣೂ ಬಿಟ್ಟಿದೆ, ಆದರೆ ಕೈಕಾಲು ಅಲ್ಲಾಡುವುದಿಲ್ಲ. ಕೂಗೋಣ ಅಂದರೆ ಸ್ವರ ಹೊರಡುವುದಿಲ್ಲ. ಎದೆ ಮೇಲೆ ಯಾರೋ ಕೂತು ಅಮುಕಿದ ಹಾಗೆ. ಸ್ಲೀಪ್ ಪ್ಯಾರಾಲಿಸಿಸ್ ಅನ್ನುವ ಈ ತೊಂದರೆ ಹೇಳಿಕೊಂಡು ಆಪ್ತಸಲಹೆಗಾರರಾದ ನಮ್ಮ ಹತ್ತಿರ ಬರುವವರು ಕಡಿಮೆ ಏನಿಲ್ಲ. ಪರೀಕ್ಷೆಗೆ ಓದುವ ಹುಡುಗರು, ನೈಟ್ ಡ್ಯೂಟಿ ಮಾಡುವ ನರ್ಸ್‌ಗಳು, ಕ್ಯಾಬ್ ಓಡಿಸುವವರು. ಎಷ್ಟೋ ಜನ ಮೊದಲೇ ದೇವಸ್ಥಾನಕ್ಕೋ ದರ್ಗಾಕ್ಕೋ ಹೋಗಿ ದಾರ ಕಟ್ಟಿಸಿಕೊಂಡಿರುತ್ತಾರೆ. ಅದಕ್ಕೆ ನನ್ನ ತಕರಾರಿಲ್ಲ. ಇದು ನಿದ್ದೆಯ ಎಡವಟ್ಟು, ದೆವ್ವದ ಕೆಲಸ ಅಲ್ಲ ಅಂತ ಬಿಡಿಸಿ ಹೇಳಿದರೆ ಅರ್ಧ ಭಯ ಅಲ್ಲೇ ಇಳಿಯುತ್ತದೆ.

ಈಚೆಗೆ ಇನ್ನೊಂದು ಬಗೆಯವರು ಬರುತ್ತಿದ್ದಾರೆ. ಅವರಿಗೂ ಆಗುವುದು ಇದೇ. ಹೆದರಿಕೆಯೂ ಇದೆ. ಆದರೆ ಅದು ನಿಲ್ಲುವುದು ಅವರಿಗೆ ಬೇಡ! ಆ ಹೊತ್ತಿನಲ್ಲಿ ದೇಹ ಬಿಟ್ಟು ಹೊರಗೆ ಹೋಗಬಹುದು ಅಂತ ಯಾವುದೋ ವಿಡಿಯೊದಲ್ಲಿ ಕೇಳಿರುತ್ತಾರೆ. ಅವರು ಅದನ್ನು ಆಸ್ಟ್ರಲ್ ಟ್ರಾವೆಲ್ ಅನ್ನುತ್ತಾರೆ. ಮನೆಯ ಹಿರಿಯರು ಶಂಕರಾಚಾರ್ಯರು ಅಮರುಕ ರಾಜನ ದೇಹ ಹೊಕ್ಕ ಕಥೆ ನೆನಪಿಸುತ್ತಾರೆ. ಇಂಥವರಿಗೆ ಏನು ಹೇಳಬೇಕು ಅನ್ನುವುದರಲ್ಲಿ ಆಪ್ತಸಲಹೆಗಾರರಲ್ಲೇ ಒಮ್ಮತ ಇಲ್ಲ. ಅದಕ್ಕೇ ಈ ಪ್ರಕರಣ ಬರೆಯುತ್ತಿದ್ದೇನೆ. ಸಂಬಂಧಪಟ್ಟವರ ಒಪ್ಪಿಗೆ ಇದೆ. ಗುರುತು ಸಿಗುವಂಥ ವಿವರಗಳನ್ನು ಬದಲಿಸಿದ್ದೇನೆ.

ಅವರನ್ನು ಮಂಜುನಾಥ್ ಅಂತ ಕರೆಯೋಣ. ಮಲೆನಾಡಿನವರು, ಮೂವತ್ತರ ಒಳಗಿನ ವಯಸ್ಸು. ಬೆಂಗಳೂರಿನಲ್ಲಿ ಪಿಜಿ ವಾಸ, ಅಮೆರಿಕದ ಗ್ರಾಹಕರಿಗೆ ಫೋನಿನಲ್ಲಿ ಉತ್ತರ ಕೊಡುವ ಕೆಲಸ. ಒಂದು ವಾರ ರಾತ್ರಿ ಪಾಳಿ, ಒಂದು ವಾರ ಮಧ್ಯಾಹ್ನದ ಪಾಳಿ. ರಾತ್ರಿ ಪಾಳಿ ಮುಗಿಸಿ ಬೆಳಗ್ಗೆ ಮಲಗಿದರೆ ಕೆಳಗೆ ನೀರಿನ ಮೋಟಾರ್ ಶುರು, ಪಕ್ಕದ ಮಂಚದಲ್ಲಿ ರೂಮ್‌ಮೇಟ್ ಫೋನು. ನಾಲ್ಕು ಗಂಟೆ ನಿದ್ದೆ ಸಿಕ್ಕರೆ ಅದೇ ಜಾಸ್ತಿ.

ಮೊದಮೊದಲು ಅವರಿಗೆ ಬೀರುವಿನ ಪಕ್ಕ ಕಪ್ಪಗೆ ಯಾರೋ ನಿಂತ ಹಾಗೆ ಕಾಣುತ್ತಿತ್ತು. ಆಮೇಲೆ ಒಂದು ದಿನ ಮಂಚದಿಂದ ತೇಲಿ ಸೂರಿನ ತನಕ ಹೋದರಂತೆ. "ಫ್ಯಾನ್ ರೆಕ್ಕೆ ಮೇಲಿನ ಧೂಳು ಕಾಣಿಸ್ತು ಮೇಡಂ. ಕೆಳಗೆ ನಾನೇ ಮಲಗಿದ್ದೆ." ಈ ಅನುಭವ ಮತ್ತೆ ಬೇಕು ಅನ್ನಿಸಿ ದುಡ್ಡು ಕಟ್ಟಿ ಒಂದು ಆನ್‌ಲೈನ್ ಕೋರ್ಸ್ ಸೇರಿದರು. ನಿದ್ದೆಯ ನಡುವೆ ಅಲಾರಂ ಇಟ್ಟು ಏಳಬೇಕು, ಸ್ವಲ್ಪ ಹೊತ್ತು ಎಚ್ಚರ ಇದ್ದು ಮತ್ತೆ ಅಂಗಾತ ಮಲಗಬೇಕು, ಅಲ್ಲಾಡಬಾರದು. ಅಲ್ಲಿ ಇನ್ನೊಂದು ಮಾತೂ ಹೇಳಿಕೊಟ್ಟಿದ್ದರು. ಹೊರಗೆ ಹೋದ ಜೀವಕ್ಕೂ ದೇಹಕ್ಕೂ ನಡುವೆ ಒಂದು ಬೆಳ್ಳಿ ದಾರ ಇರುತ್ತದೆ, ಅದು ಕಡಿದರೆ ವಾಪಸ್ ಬರೋಕಾಗಲ್ಲ ಅಂತ. ಅವರು ನನ್ನ ಹತ್ತಿರ ಬಂದಿದ್ದು ಆ ದಾರದ ಭಯದಿಂದ. ಜೊತೆಗೆ ಕೆಲಸದಲ್ಲಿ ಕಾಲ್ ನಡುವೆಯೇ ತೂಕಡಿಸಿ ವಾರ್ನಿಂಗ್ ಬೇರೆ ಬಂದಿತ್ತು.

ಶುರುವಿನ ಭೇಟಿಗಳಲ್ಲಿ ನಾನು ಹೇಳಿದ್ದು ಎಲ್ಲರಿಗೂ ಹೇಳುವುದನ್ನೇ. ನಾವು ಹೆಚ್ಚಾಗಿ ಕನಸು ಕಾಣುವ ನಿದ್ದೆಯ ಹಂತಕ್ಕೆ ಆರ್‌ಇಎಂ ಅನ್ನುತ್ತಾರೆ. ಆಗ ಮೆದುಳೇ ಕೈಕಾಲಿನ ಸ್ನಾಯುಗಳನ್ನು ಸಡಿಲ ಮಾಡಿ ಇಟ್ಟಿರುತ್ತದೆ. ಇಲ್ಲದಿದ್ದರೆ ಕನಸಿನಲ್ಲಿ ಓಡಿದಾಗ ನಿಜವಾಗಿಯೂ ಮಂಚದಿಂದ ಹಾರುತ್ತಿದ್ದೆವು. ಕಣ್ಣಿನ ಸ್ನಾಯು ಮತ್ತು ಉಸಿರಾಡಿಸುವ ವಪೆ ಮಾತ್ರ ಕೆಲಸ ಮಾಡುತ್ತಾ ಇರುತ್ತವೆ. ಕೆಲವೊಮ್ಮೆ ಈ ಹಂತ ಮುಗಿಯುವ ಮೊದಲೇ ಎಚ್ಚರ ಆಗಿಬಿಡುತ್ತದೆ. ಆಗ ದೇಹ ಇನ್ನೂ ಸಡಿಲ, ಕನಸೂ ಪೂರ್ತಿ ಹೋಗಿಲ್ಲ, ಕಣ್ಣೆದುರು ರೂಮು. ಕೆಲವು ಸೆಕೆಂಡಿನಲ್ಲಿ, ಇಲ್ಲವೇ ಕೆಲವು ನಿಮಿಷದಲ್ಲಿ ತಾನೇ ಬಿಡುತ್ತದೆ.

ಇದು ನಮ್ಮೂರಿನ ದೆವ್ವವೂ ಅಲ್ಲ. ಜಪಾನಿನಲ್ಲಿ ಇದಕ್ಕೆ ಕನಶಿಬಾರಿ ಅನ್ನುತ್ತಾರೆ. ಕೆನಡಾದ ನ್ಯೂಫೌಂಡ್‌ಲ್ಯಾಂಡಿನಲ್ಲಿ ಮುದುಕಿಯೊಬ್ಬಳು ಬಂದು ಎದೆ ಮೇಲೆ ಕೂರುತ್ತಾಳೆ. 2011ರಲ್ಲಿ ಹಳೆಯ 35 ಅಧ್ಯಯನಗಳನ್ನು ಒಟ್ಟು ಹಾಕಿ ನೋಡಿದಾಗ, ಜೀವನದಲ್ಲಿ ಒಮ್ಮೆಯಾದರೂ ಇದು ಆದವರು ಜನಸಾಮಾನ್ಯರಲ್ಲಿ ಶೇ. 8ರ ಹತ್ತಿರ, ವಿದ್ಯಾರ್ಥಿಗಳಲ್ಲಿ ಶೇ. 28. ಮಂಜುನಾಥ್ ಎಲ್ಲ ಕೇಳಿಸಿಕೊಂಡರು, ತಲೆ ಆಡಿಸಿದರು. "ಅಮುಕೋದಕ್ಕೆ ಇದು ಸರಿ ಮೇಡಂ. ಆದರೆ ನಾನು ಹೊರಗೆ ಹೋಗಿದ್ದು?" ಅಂದರು. ಅಲಾರಂ ನಿಲ್ಲಿಸಲಿಲ್ಲ.

ಆಮೇಲೆ ಒಂದು ಸಂಜೆ ಮುಖ ಅರಳಿಸಿಕೊಂಡು ಬಂದರು. "ಊರಿಗೆ ಹೋಗಿ ಬಂದೆ ಮೇಡಂ." ನಾನು ಬಸ್ಸಿನಲ್ಲಿ ಅಂದುಕೊಂಡೆ.

ಬಸ್ಸಲ್ಲ. ಬೆಳಗಿನ ನಿದ್ದೆಯಲ್ಲಿ ದೇಹ ಬಿಟ್ಟು ಹೊರಟು ಮನೆಯ ಮೇಲೆ ತೇಲಿದ್ದರು. ಎಲ್ಲವನ್ನೂ ಒಂದೊಂದಾಗಿ ಹೇಳಿದರು. ಅಂಗಳದಲ್ಲಿ ಹರವಿದ ಅಡಿಕೆ. ಬಚ್ಚಲ ಒಲೆಯ ಹೊಗೆ ಹಂಚಿನ ಸಂದಿಯಿಂದ ಮೇಲೇಳುತ್ತಿತ್ತು. ಅಡುಗೆಮನೆ ಮೇಲಿನ ಗಾಜಿನ ಹಂಚಿನ ಮೇಲೆ ಒಂದು ಹಲಸಿನ ಎಲೆ ಬಿದ್ದಿತ್ತು. ಅದರ ಮೂಲಕ ಒಳಗೆ ಅಮ್ಮನ ತಲೆ ಕಾಣಿಸಿತಂತೆ. ಹೇಳುತ್ತಾ ಅವರ ಕಣ್ಣು ತುಂಬಿತ್ತು. ನನಗೂ ಕೇಳೋಕೆ ಖುಷಿ ಆಗುತ್ತಿತ್ತು. ನಾನು ಹಂಚಿನ ಮನೆಯಲ್ಲೇ ಬೆಳೆದವಳು. ಹಾಗಾಗಿ ಸುಮ್ನೆ ಕೇಳಿದೆ, "ಮಳೆಗಾಲದಲ್ಲಿ ಸೋರಲ್ವಾ?"

"ಈಗ ಸೋರಲ್ಲ ಮೇಡಂ, ಆರ್‌ಸಿಸಿ ಹಾಕಿಸಿದ್ವಲ್ಲ," ಅಂದರು. ಅಂದವರು ಅಲ್ಲೇ ನಿಂತುಬಿಟ್ಟರು.

ನಾನು ಮಾತಾಡಲಿಲ್ಲ. ಅವರು ನೀರಿನ ಲೋಟ ಎತ್ತಿಕೊಂಡರು, ಕುಡಿಯದೆ ಕೆಳಗಿಟ್ಟರು. ಆಮೇಲೆ ನಕ್ಕರು, ಆ ನಗು ಅಷ್ಟು ಚೆನ್ನಾಗಿರಲಿಲ್ಲ. "ಲೋನ್ ಕಟ್ತಿರೋನು ನಾನು ಮೇಡಂ. ನನಗೇ ಹಂಚು ಕಾಣಿಸ್ತಲ್ಲ."

ಸ್ವಲ್ಪ ಹೊತ್ತಿನ ಮೇಲೆ, "ಹಾಗಾದ್ರೆ ಎಲ್ಲ ಸುಳ್ಳಾ?" ಅಂತ ಕೇಳಿದರು.

"ನೀವು ನೋಡಿದ್ದು ಸುಳ್ಳಲ್ಲ," ಅಂದೆ. "ಅಷ್ಟು ವಿವರವಾಗಿ ಹೇಳಿದ್ರಿ, ಕಟ್ಟುಕಥೆ ಅಂತ ನಾನು ಹೇಗೆ ಹೇಳಲಿ? ಆದರೆ ಆ ಹಂಚು ಈಗ ಊರಲ್ಲಿಲ್ಲ, ಅಲ್ವಾ? ಅದು ಇರೋದು ನಿಮ್ಮ ಹತ್ತಿರ."

ಅವರು ಅದಕ್ಕೆ ಉತ್ತರ ಕೊಡಲಿಲ್ಲ. ಲೋನಿನ ಮಾತು ತೆಗೆದರು. ಇನ್ನೂ ಎಷ್ಟು ವರ್ಷದ ಕಂತಿದೆ, ನೈಟ್ ಅಲೊವೆನ್ಸ್ ಇಲ್ಲದಿದ್ದರೆ ಎಷ್ಟು ಕಡಿಮೆ ಬೀಳುತ್ತದೆ, ಹೊಸ ಮನೆಯಲ್ಲಿ ತಾನು ಒಟ್ಟು ಎಷ್ಟು ರಾತ್ರಿ ಮಲಗಿದ್ದೇನೆ ಅಂತೆಲ್ಲ. ಅಷ್ಟು ವಾರಗಳಲ್ಲಿ ಒಮ್ಮೆಯೂ ಈ ವಿಷಯ ಬಂದಿರಲಿಲ್ಲ. ನಾನು ಒಂದು ಹಾಳೆ ಕೊಟ್ಟೆ. ಸಂಬಳ, ಕಂತು, ಪಿಜಿ ಬಾಡಿಗೆ, ಊರಿಗೆ ಕಳಿಸುವುದು ಎಲ್ಲ ಬರೆದು ಕೂಡಿಸಿ ಕಳೆದರು. ಆ ಭೇಟಿಯ ಉಳಿದ ಹೊತ್ತೆಲ್ಲ ಲೆಕ್ಕಕ್ಕೇ ಹೋಯಿತು.

ಇದನ್ನು ಸಹೋದ್ಯೋಗಿಗಳ ಚರ್ಚೆಯಲ್ಲಿ ಹೇಳಿದಾಗ ಒಬ್ಬರು ಆಕ್ಷೇಪ ಎತ್ತಿದರು. ಸಾಕ್ಷಿ ತಾನಾಗಿ ಕೈಗೆ ಸಿಕ್ಕಿತ್ತು, ಆತ್ಮ ಗೀತ್ಮ ಏನೂ ಹೊರಗೆ ಹೋಗಲ್ಲ ಅಂತ ಅಲ್ಲೇ ಹೇಳಿ ಮುಗಿಸಬೇಕಿತ್ತು ಅನ್ನುವುದು ಅವರ ವಾದ. ಇತ್ತ ಮಂಜುನಾಥ್ ಅವರ ಮಾವ ಫೋನ್ ಮಾಡಿ, ಇದು ಉಪದ್ರವವೋ ಸಾಧನೆಯೋ ಒಂದು ಹೇಳಿಬಿಡಿ ಅಂತ ಒತ್ತಾಯ ಮಾಡಿದರು. ಇಬ್ಬರಿಗೂ ನಾನು ಹೇಳಿದ್ದು ಒಂದೇ. ಆ ತೀರ್ಪು ಕೊಡೋಕೆ ನಾನು ಫೀಸು ತಗೊಂಡಿಲ್ಲ. ಅವರು ನಿದ್ದೆ ಇಲ್ಲದೆ ಒದ್ದಾಡುತ್ತಿದ್ದಾರೆ, ನನ್ನ ಕೆಲಸ ಅದರದು. ಗೇಲಿ ಮಾಡಿದರೆ ಇಂಥವರು ಬಿಡುವುದಿಲ್ಲ, ನಮ್ಮಿಂದ ಮುಚ್ಚಿಟ್ಟು ಮಾಡುತ್ತಾರೆ. ಹೌದು ಹೌದು ಅಂತ ತಲೆ ಆಡಿಸಿದರೆ ಇನ್ನೊಂದು ಕೋರ್ಸಿಗೆ ದುಡ್ಡು ಕಟ್ಟುತ್ತಾರೆ.

ಹಾಗಂತ ಗೊತ್ತಿರುವುದನ್ನು ಬಚ್ಚಿಡಲಿಲ್ಲ. 2002ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಓಲಾಫ್ ಬ್ಲಾಂಕೆ ಮತ್ತು ಸಂಗಡಿಗರು ಮೂರ್ಛೆರೋಗದ ಚಿಕಿತ್ಸೆಗೆ ಬಂದ ಮಹಿಳೆಯೊಬ್ಬರ ಮೆದುಳನ್ನು ಪರೀಕ್ಷಿಸುತ್ತಿದ್ದರು. ಬಲಗಡೆಯ ಒಂದು ಜಾಗಕ್ಕೆ ಸಣ್ಣ ವಿದ್ಯುತ್ ಕೊಟ್ಟಾಗ ಆಕೆಗೆ ತಾನು ಮೇಲೆ ತೇಲುತ್ತಾ, ಕೆಳಗೆ ಮಲಗಿದ ತನ್ನನ್ನೇ ನೋಡುತ್ತಿರುವ ಹಾಗೆ ಆಯಿತು. ಅದೂ ಪೂರ್ತಿ ದೇಹ ಅಲ್ಲ, ಕಾಲು ಮತ್ತು ಸೊಂಟದ ಭಾಗ ಮಾತ್ರ. 'ನಾನು ಇಲ್ಲಿದ್ದೇನೆ' ಅನ್ನುವ ಭಾವ ಕಣ್ಣು, ಒಳಕಿವಿ, ಚರ್ಮ, ಸ್ನಾಯು ಎಲ್ಲದರ ಸುದ್ದಿ ಸೇರಿ ಮೆದುಳಿನಲ್ಲಿ ತಯಾರಾಗುತ್ತದೆ. ಕೈಕಾಲು ಸಡಿಲವಾಗಿ, ಕನಸು ಅರ್ಧ ನಡೆಯುತ್ತಿರುವಾಗ ಆ ಸುದ್ದಿಗಳು ಹೊಂದುವುದಿಲ್ಲ, ತೇಲಿದ ಹಾಗೆ ಆಗುತ್ತದೆ. ಇದನ್ನು ಮಂಜುನಾಥ್ ಅವರಿಗೆ ಹೇಳಿದಾಗ ಅವರು ಕೇಳಿದ್ದು, "ಆಕೆಗೆ ಫ್ಯಾನ್ ಧೂಳು ಕಾಣಿಸಿತ್ತಾ?"

ಎರಡು ವಿಷಯದಲ್ಲಿ ಮಾತ್ರ ನಾನು ಬಿಗಿಯಾಗಿದ್ದೆ. ಒಂದು, ಬೆಳ್ಳಿ ದಾರ. ಹೊರಗೆ ಸಿಕ್ಕಿಹಾಕಿಕೊಳ್ಳುವುದು, ದಾರ ಕಡಿದು ಸಾಯುವುದು, ಇವೆಲ್ಲ ಹೆದರಿಸುವ ಕಥೆ ಅಂತ ನೇರವಾಗಿ ಹೇಳಿದೆ. ಕೋರ್ಸಿನ ಜೊತೆಗೆ ಭಯವನ್ನೂ ಮಾರುವವರ ಮೇಲೆ ನನಗೆ ನಿಜವಾಗಿಯೂ ಸಿಟ್ಟಿದೆ. ಇನ್ನೊಂದು, ಅಲಾರಂ. ಆರ್‌ಇಎಂ ಹೆಚ್ಚಾಗಿ ಬರುವುದೇ ನಿದ್ದೆಯ ಕೊನೆಯ ಭಾಗದಲ್ಲಿ. ನಡುವೆ ಎದ್ದು ಮತ್ತೆ ಮಲಗಿದರೆ ಎಚ್ಚರದಿಂದ ನೇರವಾಗಿ ಅದಕ್ಕೆ ಜಾರುವ ಸಾಧ್ಯತೆ ಜಾಸ್ತಿ. ಆ ತಂತ್ರದ ಗುಟ್ಟೂ ಅಷ್ಟೇ, ಅಮುಕುವುದು ಜಾಸ್ತಿ ಆಗುವುದೂ ಅದರಿಂದಲೇ. ನಾಲ್ಕು ಗಂಟೆ ನಿದ್ದೆ ಮಾಡುವ ಮನುಷ್ಯ ಅದರಲ್ಲೂ ಒಂದು ಗಂಟೆ ಕಿತ್ತುಕೊಂಡರೆ ಉಳಿಯುವುದೇನು? ತಾನಾಗಿ ತೇಲಿದರೆ ತೇಲಲಿ, ಗಾಬರಿ ಬೇಡ, ಕುತೂಹಲದಿಂದ ನೋಡಿ, ಎದ್ದು ಪುಸ್ತಕದಲ್ಲಿ ಬರೆಯಿರಿ, ಬೇಕಿದ್ದರೆ ಊರಿಗೆ ಫೋನ್ ಮಾಡಿ ತಾಳೆ ನೋಡಿ ಅಂದೆ. ಅದನ್ನು ಕರೆಸಿಕೊಳ್ಳೋಕೆ ನಿದ್ದೆ ಕೆಡಿಸಬೇಡಿ. ಒಪ್ಪಿದರು, ಸ್ವಲ್ಪ ಮುಖ ಸಪ್ಪೆ ಮಾಡಿಕೊಂಡೇ.

ಅಮುಕಿದಾಗ ಏನು ಮಾಡಬೇಕು ಅಂತ ಓದುಗರೂ ಕೇಳುತ್ತಾರೆ. ಜೋರಾಗಿ ಒದ್ದಾಡಬೇಡಿ. ಎದ್ದು ಕೂರೋಕೆ ಹೆಣಗಾಡಿದಷ್ಟೂ ಎದೆ ಬಿಗಿದ ಹಾಗಾಗಿ ಭಯ ಏರುತ್ತದೆ. ಇದು ನಿದ್ದೆ, ಈಗ ಬಿಡುತ್ತದೆ ಅಂತ ಮನಸ್ಸಿನಲ್ಲೇ ಹೇಳಿಕೊಳ್ಳಿ. ಕಪ್ಪು ಆಕೃತಿ ಕಂಡರೆ ಅದನ್ನು ದಿಟ್ಟಿಸಬೇಡಿ, ಇಷ್ಟವಾದ ಯಾವುದಾದರೂ ಒಂದರ ಮೇಲೆ ಮನಸ್ಸಿಡಿ. ದೇವರ ನಾಮ ಆಗಬಹುದು, ಮಗುವಿನ ಮುಖ ಆಗಬಹುದು. ಮೈ ಸಡಿಲ ಬಿಡಿ. ಹೆಚ್ಚುಕಡಿಮೆ ಇದೇ ಕ್ರಮವನ್ನು ಬಾಲಂದ್ ಜಲಾಲ್ ಅನ್ನುವ ಸಂಶೋಧಕರು 2016ರಲ್ಲಿ ನಾಲ್ಕು ಹಂತಗಳಾಗಿ ಬರೆದರು. 2020ರಲ್ಲಿ ಪ್ರಕಟವಾದ ಅದರ ಪರೀಕ್ಷೆ ತೀರಾ ಚಿಕ್ಕದು, ಹತ್ತೇ ಜನರ ಮೇಲೆ ನಡೆದದ್ದು. ಆದರೂ ನಾನು ಧೈರ್ಯವಾಗಿ ಹೇಳಿಕೊಡುತ್ತೇನೆ, ಇದರಿಂದ ಕೆಡುವುದೇನೂ ಇಲ್ಲ. ಅಂಗಾತ ಮಲಗುವವರಿಗೆ ಇದು ಜಾಸ್ತಿ, ಹಾಗಾಗಿ ಮಗ್ಗುಲಾಗಿ ಮಲಗಿ. ಪಾಳಿಯ ಕೊನೆಗೆ ಕಾಫಿ ಬೇಡ. ಹಗಲು ಮಲಗುವವರು ಕಿಟಕಿಗೆ ದಪ್ಪ ಪರದೆ ಹಾಕಿ.

ಮಂಜುನಾಥ್ ಲೋನಿನ ಅವಧಿ ಉದ್ದ ಮಾಡಿಸಿಕೊಂಡು ಕಂತು ಇಳಿಸಿಕೊಂಡರು, ಮಧ್ಯಾಹ್ನದ ಪಾಳಿ ಮಾತ್ರ ಕೇಳಿ ಪಡೆದರು. ಅಮುಕುವುದು ಪೂರ್ತಿ ನಿಂತಿಲ್ಲ, ಅಪರೂಪ ಆಗಿದೆ. ಯಾವಾಗಲಾದರೂ ತೇಲುತ್ತಾರಂತೆ, ಬರೆದಿಡುತ್ತಾರೆ. ಆತ್ಮ ಹೊರಗೆ ಹೋಗುತ್ತದೆ ಅಂತ ಅವರು ಈಗಲೂ ನಂಬುತ್ತಾರೆ. ನಾನು ಕೆದಕಲು ಹೋಗಿಲ್ಲ.

ಎಲ್ಲರಿಗೂ ಇಷ್ಟು ಸಡಿಲ ಬಿಡುವುದಿಲ್ಲ. ಹಗಲಿನಲ್ಲೂ ತಾನು ದೇಹದ ಹೊರಗಿದ್ದೇನೆ, ಸುತ್ತಲಿನದು ನಿಜ ಅಲ್ಲ ಅನ್ನಿಸುವವರು, ಎಚ್ಚರದಲ್ಲಿ ದನಿ ಕೇಳುವವರು, ಹಿಂದೆ ಮನೋರೋಗಕ್ಕೆ ಮಾತ್ರೆ ತೆಗೆದುಕೊಂಡವರು ಈ ಪ್ರಯೋಗಕ್ಕೆ ಕೈ ಹಾಕಲೇಬಾರದು, ಮೊದಲು ಮನೋವೈದ್ಯರನ್ನು ನೋಡಬೇಕು. ಹಗಲು ಎಲ್ಲೆಂದರಲ್ಲಿ ತಡೆಯಲಾರದ ನಿದ್ದೆ ಬರುತ್ತಿದ್ದರೆ, ಜೋರಾಗಿ ನಕ್ಕಾಗ ಮಂಡಿ ಕುಸಿಯುತ್ತಿದ್ದರೆ ಅದು ನಾರ್ಕೊಲೆಪ್ಸಿ ಇರಬಹುದು, ನರರೋಗ ತಜ್ಞರ ಹತ್ತಿರ ಹೋಗಿ. ಜೋರು ಗೊರಕೆ, ಉಸಿರು ಕಟ್ಟಿ ಏಳುವುದು ಇದ್ದರೆ ನಿದ್ದೆಯ ಪರೀಕ್ಷೆ ಮಾಡಿಸಿ. ರಾತ್ರಿ ಹೊತ್ತು ಭಯ ಆಗಿ ಯಾರ ಜೊತೆಗಾದರೂ ಮಾತಾಡಬೇಕು ಅನ್ನಿಸಿದರೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ಇದೆ. ಕರೆಗೆ ದುಡ್ಡಿಲ್ಲ, ಕನ್ನಡದಲ್ಲೂ ಮಾತಾಡುತ್ತಾರೆ.