ಎಲ್ಲ ಜೀವಿಗಳಿಗೂ ಅಂಗಾಂಶ, ಅಂಗ ಇರಲೇಬೇಕಾ?

ಪ್ರಶ್ನೆ: ಮಗಳ ವಿಜ್ಞಾನ ಪುಸ್ತಕದಲ್ಲಿ ಜೀವಕೋಶ, ಅಂಗಾಂಶ, ಅಂಗ, ಅಂಗವ್ಯೂಹ, ಆಮೇಲೆ ಇಡೀ ಜೀವಿ ಅಂತ ಸಾಲಾಗಿ ಕೊಟ್ಟಿದ್ದಾರೆ. ಎಲ್ಲ ಜೀವಿಗಳೂ ಹೀಗೇನಾ? ಅಂಗಾಂಶಕ್ಕೂ ಅಂಗಕ್ಕೂ ಏನು ವ್ಯತ್ಯಾಸ ಅಂತ ಅವಳಿಗೆ ಹೇಗೆ ಹೇಳಲಿ?
– ಓದುಗರೊಬ್ಬರು, ಹಾಸನ

ಉತ್ತರ: ಎರಡನೆಯದು ಸುಲಭ, ಒಂದು ಈರುಳ್ಳಿ ಸಾಕು. ದಪ್ಪ ಎಸಳೊಂದನ್ನು ಬಿಡಿಸಿ, ಪಟ್ಟನೆ ಮುರಿದು ಮೆಲ್ಲಗೆ ಎಳೆಯಿರಿ. ಒಳಮೈಯಿಂದ ಪ್ಲಾಸ್ಟಿಕ್ ಹಾಳೆಯಂಥ ತೆಳು ಪೊರೆ ಎದ್ದು ಬರುತ್ತದೆ. ಅದು ಒಂದೇ ಪದರ ಜೀವಕೋಶಗಳ ಹಾಸು. ಎಲ್ಲವೂ ಹೆಚ್ಚುಕಮ್ಮಿ ಒಂದೇ ಥರ, ಕೆಲಸವೂ ಒಂದೇ, ಹೊದಿಕೆಯಾಗಿರೋದು. ಅದೇ ಅಂಗಾಂಶ. ಆ ಎಸಳು ಎಲೆಯ ಬುಡ. ಹೊದಿಕೆ, ನೀರು ಸಾಗಿಸುವ ನಾಳ, ತಿರುಳು ಎಲ್ಲ ಸೇರಿ ಆದ ಎಲೆ ಒಂದು ಅಂಗ. ರಕ್ತ ಹರಿಯುತ್ತದಲ್ವಾ, ಅದೂ ಅಂಗಾಂಶವೇ. ಅದನ್ನು ತಳ್ಳುವ ಹೃದಯ ಅಂಗ.

ಎಲ್ಲ ಜೀವಿಗಳೂ ಹೀಗೇನಾ ಅಂದರೆ, ಖಂಡಿತ ಇಲ್ಲ. ಆ ಸಾಲು ನಮ್ಮಂಥ ಪ್ರಾಣಿಗಳನ್ನು ನೋಡಿ ಬರೆದದ್ದು. ಅಮೀಬಾಕ್ಕೆ ಒಂದೇ ಕೋಶ, ಕಥೆ ಅಲ್ಲಿಗೇ ಮುಗೀತು. ಸಮುದ್ರದ ಸ್ಪಂಜು ಪ್ರಾಣಿಗೆ ಬೇರೆ ಬೇರೆ ಕೆಲಸದ ಕೋಶಗಳಿವೆ, ಸರಿಯಾದ ಅಂಗಾಂಶ ಇಲ್ಲ. 1907ರಲ್ಲಿ ಎಚ್. ವಿ. ವಿಲ್ಸನ್ ಅನ್ನೋ ಅಮೆರಿಕದ ವಿಜ್ಞಾನಿ ಸ್ಪಂಜನ್ನು ತೆಳು ಬಟ್ಟೆಯಲ್ಲಿ ಹಿಂಡಿ ಕೋಶಗಳನ್ನು ಬಿಡಿಬಿಡಿ ಮಾಡಿದರೂ ಅವು ಮತ್ತೆ ಒಟ್ಟು ಸೇರಿ ಸ್ಪಂಜಾದವು! ನಮ್ಮ ಮೈಗೆ ಅದು ಆಗೋ ಮಾತಲ್ಲ.

ನನಗೆ ಜಾಸ್ತಿ ಇಷ್ಟವಾದದ್ದು ಡಿಕ್ಟಿಯೋಸ್ಟೀಲಿಯಂ ಅನ್ನೋ ಅಮೀಬಾದಂಥ ಜೀವಿ. ಕಾಡಿನ ಮಣ್ಣಲ್ಲಿ ಬ್ಯಾಕ್ಟೀರಿಯಾ ತಿಂದುಕೊಂಡು ಒಂಟಿ ಕೋಶಗಳಾಗೇ ಬದುಕುತ್ತದೆ. ಊಟ ಮುಗೀತೋ, ಹಸಿದ ಕೋಶಗಳು ಒಂದು ರಾಸಾಯನಿಕ ಬಿಡುತ್ತವೆ, ಅದರ ಜಾಡು ಹಿಡಿದು ಸಾವಿರಾರು ಕೋಶಗಳು ಒಂದೆಡೆ ಸೇರಿ, ಕೆಲವೇ ಮಿಲಿಮೀಟರ್ ಉದ್ದದ, ಹುಳುವಿನಂಥ ಮುದ್ದೆಯಾಗಿ ಬೆಳಕಿನ ಕಡೆ ತೆವಳುತ್ತವೆ. ಆಮೇಲೆ ಎದ್ದು ನಿಲ್ಲುತ್ತವೆ. ಸುಮಾರು ಐದರಲ್ಲಿ ಒಂದು ಪಾಲು ಕೋಶಗಳು ಕಾಂಡವಾಗಿ ಸತ್ತೇ ಹೋಗುತ್ತವೆ, ಉಳಿದವು ಮೇಲೇರಿ, ಮುಂದೆ ಮತ್ತೆ ಮೊಳೆಯಬಲ್ಲ ಬೀಜಕಗಳಾಗುತ್ತವೆ.

ಇದು ಒಂದು ಜೀವಿಯೋ, ಜೀವಿಗಳ ಗುಂಪೋ? ನಾನಂತೂ ಗುಂಪು ಅಂತೀನಿ. ನಮ್ಮ ಕೋಶಗಳೆಲ್ಲ ಒಂದೇ ಕೋಶ ಒಡೆದು ಆದವು, ಇವು ಹೊರಗಿಂದ ಬಂದು ಸೇರಿದವು. ಹಾಗಿದ್ದರೆ ಸಾಯೋ ಪಾಲು ಯಾರದು, ಯಾಕೆ? ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ವಿದ್ಯಾನಂದ ನಂಜುಂಡಯ್ಯ ಅವರು ವರ್ಷಗಟ್ಟಲೆ ಕೆಲಸ ಮಾಡಿದ್ದು ಇದೇ ಜೀವಿಯ ಮೇಲೆ, ಇಂಥ ಪ್ರಶ್ನೆಗಳನ್ನೇ ಹಿಡಿದು.