ನಿಮ್ಮ ಲೇಖನ 2017ರಲ್ಲೇ ನಿಂತಿದೆ

ನಮಸ್ಕಾರ.

'ಮಂಡಿ ನೋವಿಗೆ ಕೊನೆಗೂ ಮದ್ದು' ಓದಿದೆ. ಕೀಲಿನಲ್ಲಿ ಸೇರಿಕೊಂಡ ಮುದಿ ಕೋಶಗಳನ್ನು ಕೊಂದರೆ ಸವೆದ ಕಾರ್ಟಿಲೇಜ್, ಅಂದರೆ ಮೂಳೆ ತುದಿಯ ನುಣುಪಾದ ಹೊದಿಕೆ, ಮತ್ತೆ ಬೆಳೆಯುತ್ತದೆ, ಆಪರೇಷನ್ನೇ ಬೇಕಾಗದು ಎಂದು ಬರೆದಿದ್ದೀರಿ. ಹೀಗೇ ಇದನ್ನು ಹಾಕಲು ಆಗುವುದಿಲ್ಲ. ಆದರೆ ತಿದ್ದಿದರೆ ಒಳ್ಳೆಯ ಲೇಖನ ಆಗುತ್ತದೆ. ಅದಕ್ಕೇ ಇಷ್ಟು ಉದ್ದದ ಪತ್ರ.

ಮುದಿ ಕೋಶದ ವಿವರಣೆ ಚೆನ್ನಾಗಿದೆ. ಅದು ವಿಭಜನೆ ನಿಲ್ಲಿಸಿರುತ್ತದೆ, ಆದರೆ ಸಾಯುವುದಿಲ್ಲ. ಉರಿಯೂತ ತರುವ ರಾಸಾಯನಿಕಗಳನ್ನೂ ಕಾರ್ಟಿಲೇಜನ್ನು ಕತ್ತರಿಸುವ ಕಿಣ್ವಗಳನ್ನೂ ಸುತ್ತ ಸುರಿಯುತ್ತಿರುತ್ತದೆ. ಬಾಡಿಗೆಯನ್ನೂ ಕೊಡದೆ, ಮನೆಯನ್ನೂ ಬಿಡದೆ, ಗೋಡೆ ಕೆಡವುತ್ತಾ ಕೂತವನು ಎಂದಿದ್ದೀರಲ್ಲ, ಅದನ್ನು ಮುಟ್ಟಬೇಡಿ. ಕೋಶಗಳು ಇಂತಿಷ್ಟೇ ಸಲ ವಿಭಜನೆಯಾಗುತ್ತವೆ ಎಂದು ತೋರಿಸಿದ 1961ರ ಹೇಫ್ಲಿಕ್ ಪ್ರಯೋಗಕ್ಕೆ ಮಾತ್ರ ಒಂದು ಪುಟ ಜಾಸ್ತಿ. ಎರಡು ಸಾಲು ಸಾಕು.

ಈಗ ನಿಜವಾದ ತೊಂದರೆ. ನಿಮ್ಮ ಇಡೀ ವಾದ 2017ರ ಜಾನ್ಸ್ ಹಾಪ್ಕಿನ್ಸ್ ಸಂಶೋಧನೆಯ ಮೇಲೆ ನಿಂತಿದೆ. ಇಲಿಯ ಮಂಡಿಯ ಲಿಗಮೆಂಟ್ (ಮೂಳೆಗಳನ್ನು ಹಿಡಿದಿಡುವ ಪಟ್ಟಿ) ಕತ್ತರಿಸಿ, ಯುಬಿಎಕ್ಸ್0101 ಎಂಬ ಔಷಧವನ್ನು ಕೀಲಿಗೇ ಚುಚ್ಚಿದರು. ಮುದಿ ಕೋಶ ಕಡಿಮೆಯಾದವು, ನೋವು ಇಳಿಯಿತು, ಕಾರ್ಟಿಲೇಜ್ ಸುಧಾರಿಸಿತು. ಮಂಡಿ ಬದಲಿಸಿಕೊಂಡ ರೋಗಿಗಳಿಂದ ತೆಗೆದ ಕೋಶಗಳಲ್ಲೂ ಪ್ರಯೋಗಾಲಯದಲ್ಲಿ ಒಳ್ಳೆಯ ಫಲ ಬಂತು. ಇದೆಲ್ಲ ಸರಿಯಾಗಿಯೇ ಬರೆದಿದ್ದೀರಿ. ಆಮೇಲೆ ನೇರವಾಗಿ 'ಇನ್ನು ಮಾರುಕಟ್ಟೆಗೆ ಬರುವುದೊಂದೇ ಬಾಕಿ' ಅಂದುಬಿಟ್ಟಿರಿ.

ಅದು ಮನುಷ್ಯರ ಮೇಲೂ ಪರೀಕ್ಷೆಯಾಯಿತು, ಸ್ವಾಮಿ. ಯೂನಿಟಿ ಬಯೋಟೆಕ್ನಾಲಜಿ ಎಂಬ ಅಮೆರಿಕದ ಕಂಪನಿ 183 ರೋಗಿಗಳ ಎರಡನೇ ಹಂತದ ಪರೀಕ್ಷೆ ನಡೆಸಿತು. 2020ರ ಆಗಸ್ಟ್‌ನಲ್ಲಿ ಫಲಿತಾಂಶ ಬಂತು. 12 ವಾರಗಳ ನಂತರ ನೋವಿನಲ್ಲಿ, ಔಷಧ ಪಡೆದವರಿಗೂ ಸುಳ್ಳು ಔಷಧ ಪಡೆದವರಿಗೂ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ. ಕಂಪನಿ ಮಂಡಿ ಬಿಟ್ಟು ಕಣ್ಣಿನ ರೋಗಗಳ ಕಡೆ ತಿರುಗಿತು. ಈ ವಿಷಯ ನಿಮ್ಮ ಲೇಖನದಲ್ಲಿ ಒಂದು ಸಾಲೂ ಇಲ್ಲ. ಓದುಗರಲ್ಲಿ ಒಬ್ಬ ಮೂಳೆ ಡಾಕ್ಟರ್ ಇದ್ದರೂ ಸಾಕು, ನಮ್ಮಿಬ್ಬರ ಮರ್ಯಾದೆ ಹೋಗುತ್ತದೆ.

ನನ್ನ ಪ್ರಕಾರ ಕಥೆ ಇರುವುದೇ ಈ ಸೋಲಿನಲ್ಲಿ. ಇಲಿಯಲ್ಲಿ ಕೆಲಸ ಮಾಡಿದ್ದು ನಮ್ಮಲ್ಲಿ ಯಾಕೆ ಮಾಡಲಿಲ್ಲ? ಇಲಿಯ ಮಂಡಿ ಕೆಟ್ಟಿದ್ದು ಕೆಲವೇ ವಾರಗಳಲ್ಲಿ, ಒಂದು ಗಾಯದಿಂದ. ನಮ್ಮ ಅಜ್ಜಿಯರ ಮಂಡಿ ಹತ್ತಾರು ವರ್ಷ ಸವೆದಿರುತ್ತದೆ. ಇನ್ನೊಂದು ಮಾತು: ಕಾರ್ಟಿಲೇಜ್‌ನಲ್ಲಿ ನರಗಳೇ ಇಲ್ಲ. ನೋವು ಬರುವುದು ಕೀಲಿನ ಒಳಪದರ, ಮೂಳೆ ಮುಂತಾದ ಕಡೆಯಿಂದ. ಹಾಗಾದರೆ ಕಾರ್ಟಿಲೇಜ್ ಸ್ವಲ್ಪ ಸುಧಾರಿಸಿದರೂ ಮೂರು ತಿಂಗಳಲ್ಲಿ ನೋವು ಇಳಿಯಲೇಬೇಕು ಅಂತಿಲ್ಲ, ಅಲ್ವಾ? ಜೊತೆಗೆ ಮಂಡಿಗೆ ಬರೀ ಉಪ್ಪುನೀರು ಚುಚ್ಚಿದರೂ ಎಷ್ಟೋ ಜನ ಹಾಯೆನಿಸಿತು ಅನ್ನುತ್ತಾರೆ. ಅದನ್ನು ಮೀರಿಸುವುದು ಯಾವ ಔಷಧಕ್ಕೂ ಕಷ್ಟ. ಇವನ್ನು ಖಚಿತ ಕಾರಣ ಎಂದು ಬರೆಯಬೇಡಿ, ಸಾಧ್ಯತೆ ಎಂದು ಬರೆಯಿರಿ. ಒಂದು ಔಷಧ ಸೋತಿತೆಂದು ಇಡೀ ದಾರಿಯೇ ಮುಚ್ಚಿತು ಅಂತಲೂ ಬೇಡ.

ಮುದಿ ಕೋಶ ಬರೀ ಕೆಡುಕಿನದಲ್ಲ. ಗಾಯ ಮಾಯುವಾಗ ಅವುಗಳಿಂದ ಉಪಯೋಗವೂ ಇದೆ. ಇದಕ್ಕೂ ಒಂದು ಸಾಲು ಕೊಡಿ.

ಈರುಳ್ಳಿ ತಿಂದರೆ ಮಂಡಿ ಸರಿಹೋಗುತ್ತದೆ ಎನ್ನುವ 'ಮನೆಯಲ್ಲೇ ಮಾಡಿ' ಬಾಕ್ಸ್ ತೆಗೆದುಹಾಕಿ. ಮುದಿ ಕೋಶ ಕೊಲ್ಲಲು ಬಳಸಿದ ಕ್ವೆರ್ಸೆಟಿನ್ ಎಂಬ ವಸ್ತು ಈರುಳ್ಳಿಯಲ್ಲಿದೆ, ನಿಜ. ಆದರೆ 2015ರ ಇಲಿ ಪ್ರಯೋಗದಲ್ಲಿ ಅದರ ಜೊತೆ ಕೊಟ್ಟ ದಾಸಾಟಿನಿಬ್ ರಕ್ತದ ಕ್ಯಾನ್ಸರ್ ಔಷಧ. ಈರುಳ್ಳಿ ತಿಂದರೆ ಮಂಡಿ ನೆಟ್ಟಗಾಗುವುದಾದರೆ ನಮ್ಮೂರಲ್ಲಿ ಯಾರೂ ಕುಂಟುತ್ತಿರಲಿಲ್ಲ. ಬಾಕ್ಸ್ ಬೇಕೇ ಬೇಕು ಅಂದರೆ ತೂಕ ಇಳಿಸುವುದು, ತೊಡೆಯ ಸ್ನಾಯು ಗಟ್ಟಿ ಮಾಡುವ ವ್ಯಾಯಾಮ, ಇವನ್ನು ಹಾಕಿ. ಅವುಗಳಿಗೆ ಮನುಷ್ಯರಲ್ಲೇ ಪುರಾವೆ ಇದೆ.

ತಲೆಬರಹದಿಂದ 'ಮದ್ದು' ತೆಗೆಯಿರಿ. ಸಾವಿರ ಪದ ದಾಟಬೇಡಿ. ತಿಂಗಳ ಕೊನೆಯೊಳಗೆ ಬಂದರೆ ಮುಂದಿನ ಸಂಚಿಕೆಗೇ ನೋಡುತ್ತೇನೆ.

ಇಂತಿ,
ಸಂಪಾದಕ