ಅಕ್ಕಿ ಇಳಿಸುವ ಮೊದಲು ಯಾವ ಅಕ್ಕಿ ಅಂತ ಕೇಳಿ

ಈ ಸಲ ಬಂದ ಪತ್ರಗಳಲ್ಲಿ ಮೂರು ಹೆಚ್ಚುಕಡಿಮೆ ಒಂದೇ ವಿಷಯದ್ದು. ಕೆಥೋಲಿಕ್ ಸೇವಾಸಂಸ್ಥೆಗಳಲ್ಲಿ 'ಸೇವಕ ನಾಯಕತ್ವ' ಅನ್ನುತ್ತಾರಲ್ಲ, ಹಾಗಂದರೆ ನಿಜಕ್ಕೂ ಏನು ಅಂತ ಕೇಳಿದ್ದಾರೆ. ಮಂಗಳೂರಿನಲ್ಲಿ ಬಹುಕಾಲ ಸಮಾಜಕಾರ್ಯ ಕಲಿಸಿ ನಿವೃತ್ತರಾದ, ಚರ್ಚಿನ ನೆರವು ಘಟಕಗಳಲ್ಲಿ ದುಡಿದ ನಮ್ಮ ಅಂಕಣಕಾರರು ಉತ್ತರ ಕೊಟ್ಟಿದ್ದಾರೆ.

ಪ್ರಶ್ನೆ: ಸರ್, ನಾನು ಕುವೈತಿನಲ್ಲಿ 22 ವರ್ಷ ದುಡಿದು ಊರಿಗೆ ಬಂದವನು. ಕೊನೆಯ 8 ವರ್ಷ ಗೋಡೌನ್ ಮ್ಯಾನೇಜರ್ ಆಗಿದ್ದೆ. ಉಡುಪಿ ಹತ್ತಿರದ ನಮ್ಮ ಚರ್ಚಿನಲ್ಲಿ ಬಡವರಿಗೆ ನೆರವಾಗುವ ಸಂತ ವಿನ್ಸೆಂಟ್ ದೆ ಪೌಲ್ ಸೊಸೈಟಿಗೆ ಹೋದ ವರ್ಷ ನನ್ನನ್ನು ಅಧ್ಯಕ್ಷ ಮಾಡಿದರು. ಆ ದಿನ ವಿಗಾರರು (ಚರ್ಚಿನ ಮುಖ್ಯ ಪಾದ್ರಿ) 'ಸೇವಕನ ಹಾಗೆ ನಾಯಕತ್ವ ಮಾಡಿ' ಅಂದರು. ಬೇಗ ತೀರ್ಮಾನ ಮಾಡಿದರೆ ಸದಸ್ಯರು 'ಗಲ್ಫ್ ಬಾಸ್' ಅನ್ನುತ್ತಾರೆ. ಸುಮ್ಮನಿದ್ದರೆ ಒಂದು ಕೆಲಸವೂ ಮುಂದೆ ಹೋಗುವುದಿಲ್ಲ. ಈಗ ಒಬ್ಬರು ದಾನಿ 40 ಮನೆಗೆ ಅಕ್ಕಿ ಕೊಡುತ್ತೇನೆ, ಆದರೆ ಪ್ರತಿ ಮನೆಯವರಿಗೂ ಮೂಟೆ ಕೊಡುವಾಗ ಫೋಟೊ ಬೇಕು ಅಂತ ಹೇಳುತ್ತಿದ್ದಾರೆ. ಏನು ಮಾಡಲಿ?

ಉತ್ತರ: ಅಕ್ಕಿಯ ಮಾತು ತೆಗೆದಿರಿ, ಹಾಗಾಗಿ ನನ್ನದೇ ಒಂದು ಪೆಚ್ಚುತನ ಮೊದಲು ಹೇಳಿಬಿಡುತ್ತೇನೆ.

ಬಹಳ ವರ್ಷದ ಹಿಂದಿನ ಮಾತು. ಕಾಪು ಕಡೆಯ ಒಂದು ಮನೆಗೆ ನಮ್ಮ ಘಟಕದಿಂದ ತಿಂಗಳಿಗೆ 10 ಕಿಲೊ ಅಕ್ಕಿ ಅಂತ ನಿಶ್ಚಯವಾಗಿತ್ತು. ಬೀಡಿ ಕಟ್ಟುವ ಒಬ್ಬರು ಅಮ್ಮ, ಹಾಸಿಗೆ ಹಿಡಿದಂತಿದ್ದ ಮಗ. ನಾವು ರಿಕ್ಷಾದಲ್ಲಿ ಮೂಟೆ ಹಾಕಿಸಿ, ಜಗಲಿಯಲ್ಲಿ ಇಳಿಸಿ, ಪುಸ್ತಕದಲ್ಲಿ ಟಿಕ್ ಹಾಕಿ ಬರುತ್ತಿದ್ದೆವು. ಐದು ನಿಮಿಷದ ಕೆಲಸ. ನಾಲ್ಕನೇ ತಿಂಗಳು ಹೋದಾಗ ಮಳೆ ಹೊಡೆಯಿತು ನೋಡಿ, ಹೊರಡಲಾಗದೆ ಒಳಗೆ ಕೂತೆವು. ಅಮ್ಮ ಮಡಿಲಲ್ಲಿ ತಡ್ಪೆ (ಮೊರ) ಇಟ್ಟುಕೊಂಡು ಬೀಡಿ ಸುತ್ತುತ್ತಲೇ ಇದ್ದರು, ಬೀಡಿ ಕಂಪನಿಯ ಬ್ರಾಂಚಿಗೆ ಕೊಡುವ ದಿನ ಹತ್ತಿರ ಬಂದಿತ್ತು. ಮೂಲೆಯಲ್ಲಿ ನಮ್ಮ ಮೂರು ಮೂಟೆಗಳು ಕಂಡವು. ಎರಡರ ದಾರ ಕೂಡ ಬಿಚ್ಚಿರಲಿಲ್ಲ.

ಯಾಕೆ ಅಂತ ಕೇಳಿದೆ. ಅವರು ತಲೆ ಎತ್ತದೆ ತುಳುವಿನಲ್ಲಿ ಹೇಳಿದರು. 'ಪೊರ್ಬುಲೇ, ಬೆಳ್ತಿಗೆ ಅನ್ನ ನಮಗೆ ಉಂಡ ಹಾಗೆ ಆಗುವುದಿಲ್ಲ. ದೋಸೆಗೆ ಸ್ವಲ್ಪ ತೆಗೆಯುತ್ತೇನೆ, ಉಳಿದದ್ದು ಕೋಳಿಗೆ.'

ಹುಟ್ಟಿದಾಗಿನಿಂದ ಕುಚ್ಚಲಕ್ಕಿ (ಭತ್ತ ಕುದಿಸಿ ಮಾಡಿದ ಅಕ್ಕಿ) ಗಂಜಿ ಉಣ್ಣುವ ಮನೆಗೆ ನಾವು ಬೆಳ್ತಿಗೆ, ಅಂದರೆ ಕುದಿಸದ ಬಿಳಿ ಅಕ್ಕಿ ಹೊತ್ತಿದ್ದೆವು. ನಮ್ಮ ಮನೆಯಲ್ಲೂ ಕುಚ್ಚಲೇ ಉಣ್ಣುವುದು! ದಾನಿ ಬೆಳ್ತಿಗೆ ಕಳಿಸಿದ್ದರು, ನಾವು ಸಾಗಿಸಿದೆವು, ಅಷ್ಟೆ. ಆಮೇಲೆ ಮಾತಾಡುತ್ತಾ ಹೋದಂತೆ ಇನ್ನೂ ಒಂದು ಗೊತ್ತಾಯಿತು. ಅವರಿಗೆ ಅಕ್ಕಿಯ ಚಿಂತೆ ಅಷ್ಟಿರಲಿಲ್ಲ, ರೇಶನಿನಲ್ಲಿ ಸಿಗುತ್ತಿತ್ತು. ಮಗನನ್ನು ವಾರಕ್ಕೆ 2 ಸಲ ಡಯಾಲಿಸಿಸ್‌ಗೆ ಕರೆದುಕೊಂಡು ಹೋಗುವ ರಿಕ್ಷಾ ಬಾಡಿಗೆ ಹೊಂದಿಸುವುದೇ ಕಷ್ಟವಾಗಿತ್ತು. ಮೂರು ತಿಂಗಳು ನಾವು ಅದನ್ನು ಕೇಳಿಯೇ ಇರಲಿಲ್ಲ.

ಗೋಡೌನಿನಲ್ಲಿ ಮಾಲು ಹೊರಟು ಸಹಿ ಬಿದ್ದರೆ ನಿಮ್ಮ ಕೆಲಸ ಮುಗಿಯಿತು. ಈ ಕೆಲಸದಲ್ಲಿ ಮೂಟೆ ಒಂದು ನೆಪ, ಮನೆಯೊಳಗೆ ಕಾಲಿಡಲು. ಅಧ್ಯಕ್ಷರಾಗಿ ನೀವು ಮೊದಲು ಮಾಡಬೇಕಾದದ್ದು ಇದು: ತಿಂಗಳಿಗೆ ಒಂದೆರಡು ಮನೆಗಾದರೂ ನೀವೇ ಹೋಗಿ. ಪಟ್ಟಿ ಇನ್ನೊಬ್ಬರಿಗೆ ಕೊಟ್ಟು ಕಚೇರಿಯಲ್ಲಿ ಕೂರಬೇಡಿ. ಹೋದಲ್ಲಿ ಕೂತುಕೊಳ್ಳಿ. ಕೊಟ್ಟ ಚಾ ಕುಡಿಯಿರಿ. ಇಬ್ಬಿಬ್ಬರು ಜತೆಯಾಗಿ ಮನೆಭೇಟಿ ಮಾಡುವುದು ನಿಮ್ಮ ಸೊಸೈಟಿಯ ಹಳೆಯ ಪದ್ಧತಿ. ಒಬ್ಬರು ಮಾತಾಡುವಾಗ ಇನ್ನೊಬ್ಬರ ಕಣ್ಣಿಗೆ ಮೂಲೆಯ ಮೂಟೆ ಬೀಳುತ್ತದೆ.

ಈ ತಪ್ಪು ನಮ್ಮದು ಮಾತ್ರ ಅಲ್ಲ ಅನ್ನುವ ಸಮಾಧಾನ ನನಗೆ ಸಿಕ್ಕಿದ್ದು ಸಂತ ವಿನ್ಸೆಂಟರ ಕತೆ ಓದಿದಾಗ. 1617ರಲ್ಲಿ ಅವರು ಫ್ರಾನ್ಸಿನ ಷಾತಿಯೋಂ ಎಂಬ ಸಣ್ಣ ಊರಿನ ಪಾದ್ರಿ. ಒಂದು ಭಾನುವಾರ ಪೂಜೆಗೆ ಮೊದಲು, ಊರಾಚೆಯ ಒಂದು ಮನೆಯಲ್ಲಿ ಎಲ್ಲರೂ ಕಾಯಿಲೆ ಬಿದ್ದಿದ್ದಾರೆ ಅಂತ ಸುದ್ದಿ ಬಂತು. ಶೆರ್ಮಾಂವಿನಲ್ಲಿ (ಪೂಜೆಯ ಪ್ರವಚನದಲ್ಲಿ) ಅದನ್ನೇ ಹೇಳಿದರು. ಮಧ್ಯಾಹ್ನ ಆ ಮನೆಗೆ ಹೊರಟರೆ ದಾರಿ ತುಂಬ ಜನ, ಹೋಗುವವರು, ಬರುವವರು, ಸೆಕೆಗೆ ದಾರಿ ಬದಿ ಕೂತವರು, ಎಲ್ಲರೂ ಆ ಮನೆಗೆ ಊಟ ಕೊಟ್ಟವರೇ. ಬೇರೆ ಯಾರೇ ಆದರೂ ಖುಷಿಪಟ್ಟು ಮನೆಗೆ ಹೋಗುತ್ತಿದ್ದರು. ವಿನ್ಸೆಂಟರಿಗೆ ಹೊಳೆದದ್ದು ಬೇರೆ. ಇವತ್ತು ಇಷ್ಟೊಂದು ಬಂದರೆ ಅರ್ಧ ಹಾಳಾಗುತ್ತದೆ, ನಾಡಿದ್ದು ಮತ್ತೆ ಉಪವಾಸ. ಪ್ರೀತಿ ಬೇಕಾದಷ್ಟಿದೆ, ಅಚ್ಚುಕಟ್ಟು ಇಲ್ಲ.

ಅವರು ಊರಿನ ಹೆಂಗಸರನ್ನು ಸೇರಿಸಿ ಸರದಿ ಹಾಕಿದರು. ಅದಕ್ಕೆ ಬರೆದ ನಿಯಮ ಓದಿದರೆ ಆಶ್ಚರ್ಯವಾಗುತ್ತದೆ. ಊಟ ತಂದವಳು ರೋಗಿಯನ್ನು ನಗುಮುಖದಿಂದ ಮಾತಾಡಿಸಬೇಕು, ಊಟ ಅಣಿಮಾಡಿ ಇಡಬೇಕು, ಪ್ರೀತಿಯಿಂದ ಒತ್ತಾಯ ಮಾಡಿ ಉಣ್ಣಿಸಬೇಕು. ಜತೆಗೆ ಇನ್ನೊಂದು: ಮನೆಯಲ್ಲಿ ಯಾರಾದರೂ ಇರುವ ರೋಗಿಯಿಂದ ಶುರು ಮಾಡಿ, ಒಬ್ಬರೇ ಇರುವವರನ್ನು ಕೊನೆಗೆ ಇಟ್ಟುಕೊಳ್ಳಬೇಕು. ಯಾಕೆ ಗೊತ್ತಾ? ಕೊನೆಯವರ ಹತ್ತಿರ ಜಾಸ್ತಿ ಹೊತ್ತು ಕೂರಬಹುದು, ಅದಕ್ಕೆ. 400 ವರ್ಷದ ಹಿಂದಿನ ಈ ಒಂದು ಸಾಲನ್ನು ನಾನು ಪಾಠ ಮಾಡುವಾಗ ಪ್ರತಿ ಬ್ಯಾಚಿಗೂ ಹೇಳುತ್ತಿದ್ದೆ. ನಿಮ್ಮ ಗೋಡೌನಿನ ಅನುಭವ ಇಲ್ಲಿ ದಂಡ ಆಗುವುದಿಲ್ಲ. ಸರದಿ, ಲೆಕ್ಕ, ದಾಸ್ತಾನು ಗೊತ್ತಿರುವವರು ಇಂಥ ಘಟಕಗಳಿಗೆ ಸಿಗುವುದೇ ಅಪರೂಪ. ನಾಚಿಕೊಳ್ಳಬೇಡಿ.

ನಿಮ್ಮ ಸೊಸೈಟಿಗೆ ವಿನ್ಸೆಂಟರ ಹೆಸರಿದ್ದರೂ ಕಟ್ಟಿದ್ದು ವಿದ್ಯಾರ್ಥಿಗಳು. 1833ರ ಏಪ್ರಿಲ್ 23ಕ್ಕೆ ಪ್ಯಾರಿಸ್ಸಿನಲ್ಲಿ ಮೊದಲ ಸಭೆ. ಮುಂದಾಳು ಫ್ರೆಡರಿಕ್ ಓಝನಾಮ್‌ಗೆ ಅವತ್ತೇ 20 ತುಂಬಿತ್ತು. 'ನಿಮ್ಮ ಚರ್ಚು ಈಗ ಬಡವರಿಗೆ ಏನು ಮಾಡುತ್ತಿದೆ?' ಅಂತ ಜತೆಯ ಹುಡುಗರು ಕೇಳಿದ ಪ್ರಶ್ನೆಗೆ ಅವರ ಹತ್ತಿರ ಉತ್ತರ ಇರಲಿಲ್ಲ. ಸಿಸ್ಟರ್ ರೊಸಾಲಿ ಎಂಬ ಧರ್ಮಭಗಿನಿ ಬಡವರ ಮನೆಗೆ ಹೇಗೆ ಹೋಗಬೇಕು ಅಂತ ಈ ಹುಡುಗರಿಗೆ ಕಲಿಸಿದರು. (ಓಝನಾಮ್ ತೀರಿಕೊಂಡದ್ದು 1853ರ ಸೆಪ್ಟೆಂಬರ್ 8ಕ್ಕೆ. ನಾವು ಮೊಂತಿ ಫೆಸ್ತಿನ, ಅಂದರೆ ಮರಿಯಮ್ಮನವರ ಜನ್ಮದಿನದ ಹಬ್ಬದ, ಹೊಸ ಭತ್ತದ ಊಟಕ್ಕೆ ಕೂರುವ ದಿನ. ನಮ್ಮವರಿಗೆ ನೆನಪಿಡಲು ಸುಲಭ.)

ಇನ್ನು 'ಬಾಸ್' ಸಮಸ್ಯೆ. ಸೊಸೈಟಿಯ ನಿಯಮಾವಳಿಯಲ್ಲಿ ಅಧ್ಯಕ್ಷರು ಸೇವಕ ನಾಯಕರಾಗಿರಲು ಪ್ರಯತ್ನಿಸಬೇಕು ಅಂತ ನೇರವಾಗಿಯೇ ಬರೆದಿದೆ. ತೀರ್ಮಾನಗಳು ಎಲ್ಲರ ಒಮ್ಮತದಿಂದ ಆಗಬೇಕು, ತೀರಾ ಆಗದಿದ್ದರೆ ಮಾತ್ರ ಮತ ಹಾಕುವುದು ಅಂತಲೂ ಇದೆ. ಹಾಗಂತ ಪ್ರತಿ ಸಣ್ಣ ವಿಷಯಕ್ಕೂ ಸಭೆ ಕರೆದರೆ ನೀವು ಹೇಳಿದ ಹಾಗೆ ಕೆಲಸ ನಿಲ್ಲುತ್ತದೆ. ಇದಕ್ಕೆ 6ನೇ ಶತಮಾನದ ಸಂತ ಬೆನೆಡಿಕ್ಟರು ಮಠಗಳಿಗೆ ಬರೆದ ನಿಯಮದ 3ನೇ ಅಧ್ಯಾಯ ಓದಿ, ಒಂದು ಪುಟವೂ ಇಲ್ಲ. ದೊಡ್ಡ ವಿಷಯ ಬಂದರೆ ಮಠದ ಹಿರಿಯರು ಎಲ್ಲರನ್ನೂ ಕರೆದು ಕೇಳಬೇಕು. ಚಿಕ್ಕವರನ್ನೂ ಬಿಡುವ ಹಾಗಿಲ್ಲ, ಒಳ್ಳೆಯ ದಾರಿಯನ್ನು ದೇವರು ಎಷ್ಟೋ ಸಲ ಕಿರಿಯರಿಗೇ ತೋರಿಸುತ್ತಾನೆ ಅಂತ. ಸಣ್ಣ ವಿಷಯಕ್ಕೆ ಅನುಭವಸ್ಥರನ್ನು ಕೇಳಿದರೆ ಸಾಕು. ಎಲ್ಲ ಕೇಳಿದ ಮೇಲೆ ತೀರ್ಮಾನ ಮಾತ್ರ ಮುಖ್ಯಸ್ಥರದೇ.

ಹಾಗಾಗಿ ನಿಮ್ಮ ಸಭೆಯಲ್ಲಿ ಒಂದು ಮಾಡಿ ನೋಡಿ. ನೀವು ಕೊನೆಗೆ ಮಾತಾಡಿ. ಅಧ್ಯಕ್ಷರು ಮೊದಲೇ 'ನನಗೆ ಹೀಗೆ ಅನಿಸುತ್ತದೆ' ಅಂದುಬಿಟ್ಟರೆ ನಮ್ಮ ಊರಿನಲ್ಲಿ ಎದುರು ಮಾತಾಡುವವರು ಕಡಿಮೆ. ಸಭೆಯಲ್ಲಿ ತಲೆಯಾಡಿಸುತ್ತಾರೆ, ಗೇಟಿನ ಹತ್ತಿರ ಸ್ಕೂಟರ್ ಸ್ಟಾರ್ಟ್ ಮಾಡುವಾಗ ನಿಜ ಹೇಳುತ್ತಾರೆ. 'ಗಲ್ಫ್ ಬಾಸ್' ಹುಟ್ಟಿದ್ದೂ ಅಲ್ಲೇ ಇರಬೇಕು. ಸಭೆ ಮುಗಿಯುವಾಗ ಗುಟ್ಟಿನ ಚೀಲ ತಿರುಗುತ್ತದಲ್ಲ, ಯಾರು ಎಷ್ಟು ಹಾಕಿದರು ಅಂತ ಗೊತ್ತಾಗದ ಹಾಗೆ? ನನಗೆ ಸೊಸೈಟಿಯಲ್ಲಿ ತುಂಬ ಇಷ್ಟವಾದ ಪದ್ಧತಿ ಅದು. ಐನೂರು ಹಾಕಿದವನ ಮಾತಿಗೂ ಹತ್ತು ಹಾಕಿದವನ ಮಾತಿಗೂ ಒಂದೇ ತೂಕ.

ಫೋಟೊ ವಿಷಯಕ್ಕೆ ನನ್ನ ಉತ್ತರ ಸೀದಾ. ಬೇಡ. ಕೊಡುವಾಗ ಪಡೆಯುವವರಿಗೆ ಅವಮಾನ ಆಗಬಾರದು, ಕೊಡುವವನು ತನ್ನನ್ನೂ ಅದರ ಜತೆ ಕೊಡಬೇಕು ಅಂತ ಪೋಪ್ 16ನೇ ಬೆನೆಡಿಕ್ಟ್ 2005ರ ಕ್ರಿಸ್ಮಸ್ ದಿನದ ವಿಶ್ವಪತ್ರದಲ್ಲಿ (ಇಡೀ ಚರ್ಚಿಗೆ ಪೋಪ್ ಬರೆಯುವ ಪತ್ರ) ಬರೆದರು. ನಲವತ್ತು ಜನ ಮೂಟೆ ಹಿಡಿದು ಕ್ಯಾಮರಾ ನೋಡುವ ಫೋಟೊ ಊರಿನ ವಾಟ್ಸಾಪ್ ಗುಂಪುಗಳಲ್ಲಿ ತಿರುಗಿದರೆ, ಅವರ ಮಕ್ಕಳ ಸಹಪಾಠಿಗಳೂ ನೋಡುತ್ತಾರೆ. ಆದರೆ ದಾನಿಯನ್ನು ಬೈದು ಕಳಿಸಬೇಡಿ. ಅವರಿಗೆ ಬೇಕಿರುವುದು ತಾನು ಕೊಟ್ಟದ್ದು ಮುಟ್ಟಿದೆ ಅನ್ನುವ ಖಾತ್ರಿ, ಅದು ನ್ಯಾಯವೇ. ಚರ್ಚಿನ ಕಾನೂನಿನ 1267ನೇ ವಿಧಿಯ ಪ್ರಕಾರ ಒಂದು ಉದ್ದೇಶಕ್ಕೆ ಕೊಟ್ಟದ್ದನ್ನು ಅದಕ್ಕೇ ಬಳಸಬೇಕು. ಮೂಟೆಗಳ ಜತೆ ದಾನಿಯ ಫೋಟೊ ತೆಗೆಯಿರಿ. ರಶೀದಿ ಕೊಡಿ, ಎಷ್ಟು ಮನೆಗೆ ಎಷ್ಟು ಕಿಲೊ ಅಂತ ಹೆಸರಿಲ್ಲದ ಲೆಕ್ಕ ಕೊಡಿ. ಸಾಧ್ಯವಾದರೆ ಅವರನ್ನೇ ಒಂದು ಮನೆಗೆ ಕರೆದುಕೊಂಡು ಹೋಗಿ, ಮೊಬೈಲ್ ಕಿಸೆಯಲ್ಲೇ ಇರಲಿ. ಅಷ್ಟಾದರೂ ಒಪ್ಪದಿದ್ದರೆ ಅಕ್ಕಿ ಬಿಡಿ. ಮತ್ತೆ ಒಂದು ಮಾತು, ಕುಚ್ಚಲಾ ಬೆಳ್ತಿಗೆಯಾ ಅಂತ ಅವರಿಗೆ ಮೊದಲೇ ಹೇಳಿ.

ಪ್ರಶ್ನೆ: ಮಂಗಳೂರಿನಲ್ಲಿ ಎಂಬಿಎ ಓದುತ್ತಿದ್ದೇನೆ. ಸೇವಕ ನಾಯಕತ್ವ ಅಮೆರಿಕದ ರಾಬರ್ಟ್ ಗ್ರೀನ್‌ಲೀಫ್ ಕೊಟ್ಟ ಸಿದ್ಧಾಂತ ಅಂತ ಕ್ಲಾಸಿನಲ್ಲಿ ಹೇಳಿದರು. ಚರ್ಚಿನಲ್ಲಿ ಇದು ಯೇಸು ಕಲಿಸಿದ್ದು ಅನ್ನುತ್ತಾರೆ. ಯಾವುದನ್ನು ಬರೆಯಲಿ?

ಉತ್ತರ: ಪರೀಕ್ಷೆಗಾದರೆ ಎರಡನ್ನೂ ಬರೆಯಿರಿ. ಗ್ರೀನ್‌ಲೀಫ್ ಎಟಿ ಆ್ಯಂಡ್ ಟಿ ಎಂಬ ಟೆಲಿಫೋನ್ ಕಂಪನಿಯಲ್ಲಿ ದಶಕಗಳ ಕಾಲ ದುಡಿದವರು. 1970ರಲ್ಲಿ ಅವರು ಬರೆದ ಪ್ರಬಂಧದಿಂದ ಈ ಹೆಸರು ಮ್ಯಾನೇಜ್‌ಮೆಂಟ್ ಪಾಠಗಳಿಗೆ ಬಂತು. ಅವರು ಕೆಥೋಲಿಕರಲ್ಲ, ಕ್ವೇಕರ್ ಎಂಬ ಬೇರೆ ಕ್ರೈಸ್ತ ಪಂಥದವರು. ವಿಚಾರ ಮಾತ್ರ ಹಳೆಯದು. ದೊಡ್ಡವನಾಗಬೇಕು ಅನ್ನುವವನು ಸೇವಕನಾಗಲಿ ಅನ್ನುವ ಮಾತು ಮಾರ್ಕನ ಶುಭಸಂದೇಶದ 10ನೇ ಅಧ್ಯಾಯದಲ್ಲಿದೆ. ಯೇಸು ಶಿಷ್ಯರ ಪಾದ ತೊಳೆದದ್ದು ಯೊವಾನ್ನನ 13ರಲ್ಲಿ. 590ರಲ್ಲಿ ಪೋಪ್ ಆದ ಗ್ರೆಗೊರಿ ತಮ್ಮನ್ನು 'ದೇವರ ಸೇವಕರ ಸೇವಕ' ಅಂತ ಕರೆದುಕೊಂಡರು.

ಪವಿತ್ರ ಗುರುವಾರ ನಮ್ಮ ಚರ್ಚುಗಳಲ್ಲಿ 12 ಜನರ ಪಾದ ತೊಳೆಯುತ್ತಾರಲ್ಲ, ಅದನ್ನು ಒಮ್ಮೆ ಹತ್ತಿರದಿಂದ ನೋಡಿ. ಹನ್ನೆರಡೂ ಜನ ಮನೆಯಲ್ಲೇ ಸೋಪು ಹಾಕಿ ತಿಕ್ಕಿ ತೊಳೆದುಕೊಂಡು ಬಂದಿರುತ್ತಾರೆ! ಕೊಳಕು ಕಾಲು ಫಾದರ್ ಮುಂದೆ ಚಾಚುವುದು ಹೇಗೆ ಅಂತ. 2013ರಲ್ಲಿ ಪೋಪ್ ಫ್ರಾನ್ಸಿಸ್ ರೋಮಿನ ಬಾಲಾಪರಾಧಿಗಳ ಜೈಲಿಗೆ ಹೋಗಿ ಪಾದ ತೊಳೆದರು, ಹುಡುಗಿಯರದ್ದೂ, ಮುಸ್ಲಿಮರದ್ದೂ. ಆಗ ಕೆಲವರಿಗೆ ಇರುಸುಮುರುಸಾಯಿತು. 2016ರಲ್ಲಿ ನಿಯಮವನ್ನೇ ಬದಲಿಸಿ ಹೆಂಗಸರನ್ನೂ ಸೇರಿಸಬಹುದು ಅಂತ ಮಾಡಿದರು.

ಊರಿನ ಉದಾಹರಣೆ ಬೇಕಿದ್ದರೆ ಮಂಗಳೂರಿನ ಕಂಕನಾಡಿಯ ಫಾದರ್ ಮುಲ್ಲರ್ ಆಸ್ಪತ್ರೆಗೆ ಹೋಗಿ. ಫಾದರ್ ಅಗಸ್ಟಸ್ ಮುಲ್ಲರ್ ಜರ್ಮನಿಯ ಜೆಸ್ವಿಟ್ ಪಾದ್ರಿ, ಮಂಗಳೂರಿಗೆ ಬಂದದ್ದು ಪಾಠ ಮಾಡಲು. ಗೊತ್ತಿದ್ದ ಹೋಮಿಯೋಪತಿ ಔಷಧ ಕೊಡುತ್ತಾ ಕೊಡುತ್ತಾ 1880ರಲ್ಲಿ ಬಡವರ ಔಷಧಾಲಯ ಶುರುವಾಯಿತು. ಆಲದ ಮರದ ಕೆಳಗೆ ಶುರುವಾದದ್ದು ಅಂತ ಊರಿನಲ್ಲಿ ಈಗಲೂ ಹೇಳುತ್ತಾರೆ. 1890ರಲ್ಲಿ ಕುಷ್ಠರೋಗಿಗಳಿಗೆ ಆಶ್ರಯ ಕಟ್ಟಿದರು. ತಾನು ಏನು ಮಾಡಲು ಬಂದೆ ಅನ್ನುವುದಕ್ಕಿಂತ ಬಾಗಿಲಿಗೆ ಬಂದವರು ಏನು ಕೇಳುತ್ತಿದ್ದಾರೆ ಅಂತ ನೋಡಿದವರು ಅವರು.

ಪ್ರಶ್ನೆ: ನಾನು ಕ್ರೈಸ್ತಳಲ್ಲ. ಚರ್ಚಿಗೆ ಸೇರಿದ ಒಂದು ಸಂಸ್ಥೆಯಲ್ಲಿ ಸೂಪರ್‌ವೈಸರ್. ಮೌಲ್ಯಗಳ ಬಗ್ಗೆ ವರ್ಷಕ್ಕೊಮ್ಮೆ ತರಬೇತಿ ಇರುತ್ತದೆ, ಚೆನ್ನಾಗಿಯೇ ಇರುತ್ತದೆ. ಆದರೆ ಸಂಬಳ ಹೆಚ್ಚು ಮಾಡಿ ಅಂದರೆ, ರಜೆ ದಿನ ಮಾಡಿದ ಡ್ಯೂಟಿಗೆ ಲೆಕ್ಕ ಕೇಳಿದರೆ, 'ಇದು ಸೇವೆ ಅಲ್ವಾ' ಅನ್ನುತ್ತಾರೆ. ಕೈಕೆಳಗಿನ ಆಯಾಗಳಿಗೆ ನಾನೂ ಅದನ್ನೇ ಹೇಳಬೇಕಾಗಿದೆ. ಇದು ಸರಿಯಾ?

ಉತ್ತರ: ಸರಿಯಲ್ಲ. ಇದು ನನ್ನ ಸ್ವಂತ ಅಭಿಪ್ರಾಯ ಮಾತ್ರ ಅಲ್ಲ. ಚರ್ಚಿನ ಕಾನೂನಿನ 1286ನೇ ವಿಧಿ ತೆರೆದು ನೋಡಿ. ಸಂಸ್ಥೆ ನಡೆಸುವವರು ದೇಶದ ಕಾರ್ಮಿಕ ಕಾನೂನು ಪಾಲಿಸಬೇಕು, ದುಡಿಯುವವರಿಗೂ ಅವರನ್ನು ನಂಬಿದವರಿಗೂ ಸಾಕಾಗುವಂಥ ನ್ಯಾಯವಾದ ಸಂಬಳ ಕೊಡಬೇಕು ಅಂತ ಅಲ್ಲಿದೆ. 13ನೇ ಲಿಯೊ ಪೋಪ್ 1891ರಲ್ಲೇ ಕಾರ್ಮಿಕರ ಸಂಬಳದ ಬಗ್ಗೆ ವಿಶ್ವಪತ್ರ ಬರೆದು, ಬದುಕಲು ಸಾಲದ ಕೂಲಿಗೆ ಕೆಲಸಗಾರ ಗತಿಯಿಲ್ಲದೆ ಒಪ್ಪಿದರೂ ಅದು ಅನ್ಯಾಯವೇ ಅಂದಿದ್ದರು. ಪಿಎಫ್, ಇಎಸ್ಐ ಕೂಡ ಸಂಸ್ಥೆಯ ಔದಾರ್ಯದ ಮಾತಲ್ಲ, ಕಾನೂನಿನ ಮಾತು.

ಗೊಂದಲ ಎಲ್ಲಿ ಹುಟ್ಟುತ್ತದೆ ಅಂತ ನನಗೆ ಅನಿಸಿದ್ದು ಹೇಳುತ್ತೇನೆ. ಇಂಥ ಸಂಸ್ಥೆಗಳನ್ನು ಕಟ್ಟಿದ ಸಿಸ್ಟರ್‌ಗಳು ಬಡತನದ ವ್ರತ ತೆಗೆದುಕೊಂಡವರು. ಮಂಗಳೂರಿನ ಬೆಂದೂರಿನಲ್ಲಿ 1921ರಲ್ಲಿ ಬೆಥನಿ ಸಭೆ (ಸಿಸ್ಟರ್‌ಗಳ ಸಂಘ) ಶುರುವಾದಾಗ ಇದ್ದದ್ದು ನಾಲ್ಕೇ ಯುವತಿಯರು. ಹಾಗೆ ಬಂದವರು ಸಂಬಳ ನೋಡದೆ ಹಗಲುರಾತ್ರಿ ದುಡಿದರು. ಅದು ಅವರೇ ಆರಿಸಿಕೊಂಡ ಬದುಕು, ವಯಸ್ಸಾದಾಗ ನೋಡಿಕೊಳ್ಳಲು ಅವರಿಗೆ ಸಭೆ ಇದೆ. ನಿಮ್ಮ ಆಯಾಗೆ ಮನೆ ಬಾಡಿಗೆ ಇದೆ, ಮಗಳ ಕಾಲೇಜು ಫೀಸ್ ಇದೆ. ಆಕೆ ಯಾವ ವ್ರತವನ್ನೂ ತೆಗೆದುಕೊಂಡಿಲ್ಲ.

ಹಾಗಂತ ಎಲ್ಲ ಕಡೆ ದುರಾಸೆಯೇ ಇದೆ ಅಂತಲೂ ಅಲ್ಲ. ಬಡ ರೋಗಿಗಳಿಂದ, ಬಡ ಮಕ್ಕಳಿಂದ ಕಡಿಮೆ ತೆಗೆದುಕೊಳ್ಳುವ ಜಾಗದಲ್ಲಿ ದುಡ್ಡು ನಿಜಕ್ಕೂ ಕಡಿಮೆ ಇರುತ್ತದೆ. ಹಾಗಿದ್ದರೆ ಲೆಕ್ಕ ಮುಂದಿಟ್ಟು ಮಾತಾಡಲಿ. ಬಂದದ್ದು ಇಷ್ಟು, ಹೋದದ್ದು ಇಷ್ಟು, ಈ ವರ್ಷ ಇಷ್ಟೇ ಆಗುತ್ತದೆ ಅಂತ ಹೇಳಿದರೆ ಸಿಬ್ಬಂದಿಗೂ ಅರ್ಥವಾಗುತ್ತದೆ. 'ಸೇವೆ ಅಲ್ವಾ' ಅಂತ ಬಾಯಿ ಮುಚ್ಚಿಸಿದರೆ ಆಗುವುದಿಲ್ಲ.

ನೀವು ಈಗ ಮಾಡಬಹುದಾದದ್ದು: ರಜೆ ದಿನ ಯಾರು ಎಷ್ಟು ಗಂಟೆ ಡ್ಯೂಟಿ ಮಾಡಿದರು ಅಂತ ಈ ತಿಂಗಳಿನಿಂದ ಒಂದು ಪುಸ್ತಕದಲ್ಲಿ ಬರೆಯಿರಿ, ಆಯಾಗಳಿಂದಲೇ ಸಹಿ ಹಾಕಿಸಿ. ಮೂರು ತಿಂಗಳಾದ ಮೇಲೆ ಅದನ್ನು ಆಡಳಿತ ನೋಡುವ ಸಿಸ್ಟರ್ ಅಥವಾ ಫಾದರ್ ಹತ್ತಿರ ತೆಗೆದುಕೊಂಡು ಹೋಗಿ, ಬದಲಿ ರಜೆಯಾ ದುಡ್ಡಾ ಅಂತ ಕೇಳಿ. ಒಬ್ಬರೇ ಹೋಗಬೇಡಿ, ಜತೆಗೆ ಒಬ್ಬರು ಹಿರಿಯ ಆಯಾ ಇರಲಿ. ಅಲ್ಲಿ ಮಾತು ಶುರು ಮಾಡುವುದು ಆ ಆಯಾಗೇ ಬಿಡಿ.